ನೆರೆಮನೆಯ ಹೆಪ್ಪು

ಮೊಸರಿಗೆ ಹೆಪ್ಪು ಹಾಕಲು ಬರುವವರಿಗೆ ನನ್ನ ಕೆಲಸ ತಾನಾಗಿಯೇ ಅರ್ಥವಾಗುತ್ತದೆ ಎಂದು ಹತ್ತೊಂಬತ್ತು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಕೇಳಿದವರೆಲ್ಲ ತಲೆಯಾಡಿಸಿದರು. ಡಾಕ್ಟರರು ಒಂದು ತಾಸು ಚಿತ್ರ ಬರೆದು ವಿವರಿಸಿದರೂ ತಿಳಿಯದ್ದು ಅನಸೂಯಾಬಾಯಿಯ ಒಂದೇ ಮಾತಿನಿಂದ ತಿಳಿಯಿತು ಎಂದು ಹೊಗಳಿದರು. ನಾನೂ ಹಿಗ್ಗಿದೆ. ಆ ಹೋಲಿಕೆಯಲ್ಲಿ ಒಂದು ತೂತಿತ್ತು. ಕಡೆಗೆ ಅದರೊಳಗೆ ಬಿದ್ದವಳು ನಾನೇ, ಜೊತೆಗೆ ಹನ್ನೊಂದು ವರ್ಷದ ಒಂದು ಹುಡುಗಿಯನ್ನೂ ಎಳೆದುಕೊಂಡು ಬಿದ್ದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಔಷಧವನ್ನು ಮನುಷ್ಯನಿಗೆ ಕೊಡುವ ಮೊದಲು ಆ ಮನುಷ್ಯನದೇ ಒಂದು ಚೂರಿಗೆ ಕೊಟ್ಟು ನೋಡಿದರೆ ಹೇಗೆ? ನಾನು ಕೆಲಸಕ್ಕೆ ಸೇರಿದಾಗ ಇದು ಎಲ್ಲೋ ದೂರದ ಪ್ರಯೋಗಾಲಯಗಳ ಪ್ರಶ್ನೆಯಾಗಿತ್ತು. ಈಗ ಜಿಲ್ಲೆಗೊಂದು ಮೊಳಕೆ ಕೇಂದ್ರವಿದೆ. ನಮ್ಮದು ಹುಬ್ಬಳ್ಳಿಯ ಒಂದು ಮುಚ್ಚಿದ ಹತ್ತಿ ಗಿರಣಿಯ ಜಾಗದಲ್ಲಿದೆ. ರೋಗಿಯ ಕರುಳಿನ ಒಳಪದರದಿಂದ ಎಳ್ಳುಕಾಳಿನಷ್ಟು ಚೂರು ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಕೆಲವೇ ಕೋಶಗಳಿಗೆ ಹೊಸದನ್ನು ಹುಟ್ಟಿಸುವ ಶಕ್ತಿ ಇರುತ್ತದೆ. ಪುಸ್ತಕದಲ್ಲಿ ಅವಕ್ಕೆ ಕಾಂಡಕೋಶ ಎಂದು ಹೆಸರು. ಅವನ್ನು ಬೇರ್ಪಡಿಸಿ ಅಂಟಿನಂಥ ಒಂದು ಹನಿಯೊಳಗೆ ಕೂರಿಸುತ್ತೇವೆ. ಮೇಲೆ ಪೌಷ್ಟಿಕ ದ್ರವ ಹಾಕುತ್ತೇವೆ, ನಮ್ಮ ಬಾಯಲ್ಲಿ ಅದು ‘ಸಾರು’. ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರೆ ಅವು ಯಾರೂ ಹೇಳಿಕೊಡದೆ ಒಂದಾಗಿ, ನಡುವೆ ಟೊಳ್ಳಿರುವ ಪುಟ್ಟ ಗುಳ್ಳೆಗಳಾಗುತ್ತವೆ. ಅದೇ ಮೊಳಕೆ. ಅದು ಕರುಳಲ್ಲ, ಅದಕ್ಕೆ ನೋವಿಲ್ಲ, ಹಸಿವಿನ ಅರಿವಿಲ್ಲ. ಆದರೆ ಆ ಮನುಷ್ಯನ ಕರುಳು ಹೇಗೆ ನಡೆದುಕೊಳ್ಳುತ್ತದೋ ಹಾಗೆಯೇ ನಡೆದುಕೊಳ್ಳುತ್ತದೆ.

ಜನ ಇದಕ್ಕೆ ಎಷ್ಟು ಬೇಗ ಒಗ್ಗಿಕೊಂಡರೆಂದರೆ ನಮಗೇ ಆಶ್ಚರ್ಯ. ಕುಂದಗೋಳದ ಒಬ್ಬ ಅಜ್ಜ ಏಕಾದಶಿಯ ಮುಂಚಿನ ದಿನ ಫೋನ್ ಮಾಡಿ, “ನಾಳೆ ನನ್ನ ಮೊಳಕಿಗೂ ಏನೂ ಹಾಕಬ್ಯಾಡ್ರಿ, ನಂದು ಉಪಾಸ ಐತಿ” ಎಂದ. ಹೆಣ್ಣಿನ ಕಡೆಯವರು ಗಂಡಿನ ಜಾತಕ ಬಿಟ್ಟು ಮೊಳಕೆಯ ವರದಿ ಕೇಳತೊಡಗಿದರು. ಹೋಳಿಗೆ ಮಾಡಿದ ದಿನ ಡಬ್ಬಿ ತಂದು, “ಅದಕ್ಕ ಒಂದೀಟು ತೋರಿಸ್ರಿ” ಎಂದವರೂ ಇದ್ದರು. ಆ ಹೋಳಿಗೆ ಎಲ್ಲಿ ಹೋಯಿತೆಂದು ನೀವು ಕೇಳಬಾರದು.

ಫಕೀರವ್ವ ಬಂದದ್ದು ಮಾರ್ಚ್‌ನಲ್ಲಿ, ಮಗಳು ಕಸ್ತೂರಿಯ ಕೈ ಹಿಡಿದುಕೊಂಡು. ಗಿರಣಿ ಚಾಳದ ಹತ್ತಿರ ಆಕೆಯದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದಿನಕ್ಕೆ ಇಪ್ಪತ್ತು ಲೀಟರ್ ಹಾಲಿಗೆ ಹೆಪ್ಪು ಹಾಕುವ ಕೈ ಅದು. ಕಸ್ತೂರಿಗೆ ಹುಟ್ಟಿನಿಂದಲೂ ಉಪ್ಪು ಬೆವರಿನ ರೋಗ. ಕೋಶದ ಗೋಡೆಯಲ್ಲಿ ಉಪ್ಪು ಹಾಯುವ ಒಂದು ಪುಟ್ಟ ಬಾಗಿಲಿರುತ್ತದೆ. ಇವಳಿಗೆ ಅದು ತೆರೆಯುವುದಿಲ್ಲ. ಉಪ್ಪು ಹೋಗದ ಕಡೆ ನೀರೂ ಹೋಗುವುದಿಲ್ಲ. ಹಾಗಾಗಿ ಎದೆಯೊಳಗಿನ ಕಫ ಅಂಟಿನಂತೆ ಗಟ್ಟಿಯಾಗಿ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಬೆವರಿನಲ್ಲಿ ಮಾತ್ರ ಉಪ್ಪು ಹಿಂದಕ್ಕೆ ಹೋಗದೆ ಚರ್ಮದ ಮೇಲೇ ಉಳಿಯುತ್ತದೆ.

“ಹುಟ್ಟಿದ ಆರು ದಿನಕ್ಕ ಹಣಿಗೆ ಮುತ್ತು ಕೊಟ್ಟೆ ನೋಡ್ರಿ, ಉಪ್ಪಿನ ಡಬ್ಬಿಗೆ ಬಾಯಿ ಹಚ್ಚಿದಂಗಾತು,” ಎಂದಳು ಫಕೀರವ್ವ. “ಡಾಕ್ಟರರಿಗೆ ಗೊತ್ತಾಗಾಕ ಏಳು ವರ್ಷ ಹಿಡಿತು. ನನ್ನ ನಾಲಿಗಿಗೆ ಆರು ದಿನ.”

“ನಾ ಊಟಕ್ಕ ಕೂತ್ರ ಉಪ್ಪಿನಕಾಯಿ ಬೇಕಾಗಂಗಿಲ್ಲ ಆಂಟಿ,” ಎಂದು ಕಸ್ತೂರಿ ತನ್ನ ಮೊಣಕೈ ನೆಕ್ಕಿ ತೋರಿಸಿದಳು. ನಗಲು ಹೋಗಿ ಕೆಮ್ಮು ಬಂತು. ಆ ಕೆಮ್ಮು ಮುಗಿಯುವವರೆಗೆ ನಾವಿಬ್ಬರೂ ಬೇರೆ ಕಡೆ ನೋಡಿದೆವು.

ಈ ರೋಗಕ್ಕೆ ಮೂರು ಔಷಧಗಳಿದ್ದವು. ಯಾವ ಬಾಗಿಲಿಗೆ ಯಾವ ಕೀಲಿಯೆಂದು ಮೈಗೆ ಕೊಟ್ಟು ನೋಡುವಂತಿಲ್ಲ. ಒಂದನ್ನು ಶುರುಮಾಡಿದರೆ ವರ್ಷವಿಡೀ ಇನ್ನೊಂದನ್ನು ಕೊಡುವ ಹಾಗಿಲ್ಲ, ಯಕೃತ್ತಿನ ಮೇಲೆ ಭಾರ ಬೀಳುತ್ತದೆ. ಕಸ್ತೂರಿಯ ಯಕೃತ್ತು ಆಗಲೇ ಸೋತಿತ್ತು. ತಪ್ಪಿದ ಒಂದು ವರ್ಷವನ್ನು ಅವಳ ಎದೆ ತಾಳುವುದಿಲ್ಲ ಎಂದು ಆಸ್ಪತ್ರೆಯವರು ಬರೆದಿದ್ದರು. ಹಾಗಾಗಿ ಮೊಳಕೆಗೆ ಕೊಟ್ಟು ನೋಡುವುದು. ಔಷಧ ಬಾಗಿಲು ತೆರೆಸಿದರೆ ಉಪ್ಪು ಒಳಗೆ ಹೋಗುತ್ತದೆ, ಹಿಂದೆಯೇ ನೀರು ಹೋಗುತ್ತದೆ, ಗುಳ್ಳೆ ಉಬ್ಬುತ್ತದೆ. ಇಲ್ಲದಿದ್ದರೆ ಇದ್ದಂತೆ ಇರುತ್ತದೆ. ನೋಡಲು ಇಷ್ಟು ಸುಲಭವಾದ ಪರೀಕ್ಷೆ ನಮ್ಮಲ್ಲಿ ಬೇರೊಂದಿಲ್ಲ.

ನಾನು ಎಂದಿನಂತೆ ಹೆಪ್ಪಿನ ಮಾತು ಹೇಳಿದೆ. ಒಂದೀಟು ಹೆಪ್ಪು, ಹದವಾದ ಬಿಸಿ, ಅಲ್ಲಾಡದ ಜಾಗ. ಫಕೀರವ್ವ ನಕ್ಕಳು. “ಹಂಗಾರ ನೀವೂ ನನ್ನ ಜಾತಿಯವರ ಆದ್ರಿ ಬಿಡ್ರಿ,” ಎಂದು ಮರುದಿನ ಬೆಳಿಗ್ಗೆ ಒಂದು ಸ್ಟೀಲ್ ಬಟ್ಟಲಲ್ಲಿ ತನ್ನ ಖಾನಾವಳಿಯ ಹೆಪ್ಪು ತಂದುಕೊಟ್ಟಳು. ಹಿಂದಿನ ಸಂಜೆಯೇ ಕೊಡಬಹುದಿತ್ತು, ಆದರೆ ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡುವುದಿಲ್ಲವಂತೆ. ಸ್ವಂತ ತಂಗಿಗೂ ಕೊಟ್ಟಿಲ್ಲವಂತೆ.

ನನ್ನ ಗಂಡನ ಹೆಸರು ಮೌನೇಶ. ಆ ಹೆಸರಿಟ್ಟವರಿಗೆ ದೂರದೃಷ್ಟಿ ಇರಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮೇಲೆ ಮಾತಿಗೆ ಸಿಗುವವಳು ನಾನೊಬ್ಬಳೇ. ಆ ಹೆಪ್ಪಿನಿಂದ ಮೊಸರು ಮಾಡಿದ ದಿನ ಮಾತ್ರ ಮನುಷ್ಯ ಊಟ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಕಡೆಗೆ, “ಚಾಕು ತಗೊಂಡು ಕೊಯ್ದರ ಹೋಳು ಬರ್ತಾವಲ್ಲೇ,” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಫಕೀರವ್ವನ ಹೆಪ್ಪೇ ಮುಂದುವರಿಯಿತು.

ಕಸ್ತೂರಿಯ ತಟ್ಟೆಯ ಸಂಖ್ಯೆ ಎಪ್ಪತ್ತಮೂರು. ಅದು ಶುರುವಿನಿಂದಲೂ ಮೊಂಡು. ಬೇರೆಯವರ ಮೊಳಕೆ ನಾಲ್ಕೈದು ದಿನಕ್ಕೆ ಇಮ್ಮಡಿಯಾದರೆ ಇದು ಹನ್ನೊಂದು ದಿನ ತೆಗೆದುಕೊಳ್ಳುತ್ತಿತ್ತು. ಗುಳ್ಳೆಗಳು ದುಂಡಗಿರುತ್ತಿರಲಿಲ್ಲ, ಕೂತು ಚಪ್ಪಟೆಯಾದ ದಿಂಬಿನಂತಿರುತ್ತಿದ್ದವು. ನಾನು ದಿನಕ್ಕೆ ನಾಲ್ಕು ಸಲ ಪೆಟ್ಟಿಗೆಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವ ರಜಿಯಾ ನದಾಫ, “ಬಾಯಿ, ಅದು ಎಲ್ಲೂ ಓಡಿ ಹೋಗಂಗಿಲ್ಲ,” ಎಂದು ಛೇಡಿಸುತ್ತಿದ್ದಳು. ನನಗೆ ತಡೆಯಲಾಗುತ್ತಿರಲಿಲ್ಲ. ಮಕ್ಕಳಿಲ್ಲದ ನನಗೆ ಆ ಹುಡುಗಿಯ ಮೇಲೆ ಜೀವ ಹೋಗುತ್ತಿತ್ತು ಎಂದು ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ, ಕೇಂದ್ರ ಮುಚ್ಚುವ ಹೊತ್ತು. ಎಪ್ಪತ್ತಮೂರರ ಅರ್ಧ ಗುಳ್ಳೆಗಳು ಕಪ್ಪಾಗಿದ್ದವು. ಸೋಮವಾರಕ್ಕೆ ಇದು ಉಳಿಯುವುದಿಲ್ಲ ಅನ್ನಿಸಿತು. ಅದೇ ಸಾಲಿನಲ್ಲಿ ನಲವತ್ತೊಂದನೇ ತಟ್ಟೆಯಿತ್ತು. ಅದೇ ರೋಗದ ಬೇರೊಬ್ಬರದು, ಎರಡನೇ ಔಷಧದಿಂದ ಚೇತರಿಸಿಕೊಂಡವರದು. ಅವರ ಮೊಳಕೆ ಕಳೆಯಂತೆ ಬೆಳೆಯುತ್ತಿತ್ತು. ಹಾಗೆ ಬೆಳೆಯುವ ಮೊಳಕೆಯ ಹಳೆಯ ಸಾರಿನಲ್ಲಿ ಅದು ತಾನೇ ಉಗುಳಿದ ಪೋಷಕ ರಸಗಳು ಇರುತ್ತವೆ. ಸೋತ ಮೊಳಕೆಗೆ ಅದರ ಒಂದೆರಡು ಹನಿ ಕೊಟ್ಟರೆ ಚೇತರಿಕೆ ಬರುವುದುಂಟು. ಇದು ನಮ್ಮ ವಿದ್ಯೆಯಲ್ಲಿ ಇಲ್ಲದ್ದೇನಲ್ಲ. ಆದರೆ ಕೋಶ ಹಾಯದಂಥ ಸಣ್ಣ ಜರಡಿಯಲ್ಲಿ ಸೋಸಿ ಕೊಡಬೇಕು. ದಾಖಲೆಯಲ್ಲಿ ಬರೆಯಬೇಕು.

ಜರಡಿಗಳು ಮುಗಿದಿದ್ದವು, ಸೋಮವಾರ ಬರುವುದಿತ್ತು. ನಾನು ನಲವತ್ತೊಂದರ ಮೇಲಿನ ತಿಳಿಯನ್ನಷ್ಟೇ, ಕೆಳಗೆ ತಾಗದಂತೆ, ಪಿಪೆಟ್‌ನಲ್ಲಿ ಎತ್ತಿ ಎಪ್ಪತ್ತಮೂರಕ್ಕೆ ಎರಡು ಹನಿ ಬಿಟ್ಟೆ. ಬರೆಯಲಿಲ್ಲ. ನೆರೆಮನೆಯಿಂದ ಹೆಪ್ಪು ತಂದದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ಆ ಕ್ಷಣ ನನ್ನ ತಲೆಯಲ್ಲಿ ನಿಜವಾಗಿ ಬಂದ ಮಾತು ಅದೇ.

ಸೋಮವಾರ ಎಪ್ಪತ್ತಮೂರು ಚೇತರಿಸಿತ್ತು. ಮೇ ತಿಂಗಳ ಹೊತ್ತಿಗೆ ದುಂಡಗೆ, ಹೊಳೆಯುತ್ತ, ತಟ್ಟೆ ತುಂಬಿತು. ತಟ್ಟೆಯ ಮೂರು ಕುಳಿಗಳಲ್ಲಿ ಮೂರು ಔಷಧ ಹಾಕಿ ಪರೀಕ್ಷಿಸಿದ ದಿನ ಎರಡನೇ ಔಷಧದ ಕುಳಿಯಲ್ಲಿ ಒಂದೇ ತಾಸಿನಲ್ಲಿ ಗುಳ್ಳೆಗಳೆಲ್ಲ ಪೂರಿಯಂತೆ ಉಬ್ಬಿದವು. ನಮ್ಮ ಮುಖ್ಯಸ್ಥ ಡಾ. ಇನಾಮದಾರ ಅಷ್ಟು ಸುಲಭಕ್ಕೆ ನಗುವವರಲ್ಲ, ಅಂದು ಎಲ್ಲರಿಗೂ ಚಹಾ ತರಿಸಿದರು. ಔಷಧ ಮಂಡಳಿ ಒಪ್ಪಿಗೆ ಕೊಟ್ಟಿತು. ಸೋಮವಾರ ಮೊದಲ ಗುಳಿಗೆ ಎಂದು ನಿಶ್ಚಯವಾಯಿತು.

ಗುರುವಾರ ಫಕೀರವ್ವ ಬಂದಳು. ಉಬ್ಬುವ ದೃಶ್ಯವನ್ನು ಪರದೆಯ ಮೇಲೆ ಹಾಕಿ ತೋರಿಸಿದೆ. ಆಕೆ ಸೆರಗು ತಲೆ ಮೇಲೆ ಹೊದ್ದು ಪರದೆಗೆ ಕೈಮುಗಿದಳು. ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ. ಆಮೇಲೆ ಮಾರ್ಚ್‌ನ ಚಿತ್ರವನ್ನೂ ತೋರಿಸಲು ಹೇಳಿದಳು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಬಹಳ ಹೊತ್ತು ನೋಡಿದಳು.

“ಇದಕ್ಕ ಮೊದಲ ಹನ್ನೊಂದ ದಿನ ಹಿಡಿತಿತ್ತು ಅಂತಿದ್ರಿ. ಈಗ?”

“ಈಗ ನಾಕ ದಿನ. ಜೋರ್ ಬಂದೈತಿ ನೋಡು.”

“ಹೆಪ್ಪು ಬದಲಿ ಮಾಡಿದ್ರೇನ್ರಿ?”

“ಯಾಕ?”

“ಹಂಗ ಕೇಳಿದೆ. ನಮ್ಮಲ್ಲೆ ಹೆಪ್ಪು ಬದಲಿ ಆದ್ರ ನನಗ ಮಸರು ನೋಡಿದ ಕೂಡಲೇ ತಿಳಿತೈತಿ. ಗಟ್ಟಿಯಾಗೂ ಹೊತ್ತು ಬದಲಿ ಆಗತೈತಿ, ಮ್ಯಾಲಿನ ಕೆನಿ ಬದಲಿ ಆಗತೈತಿ. ಇದು ಬ್ಯಾರೆ ಮನೀ ಹೆಪ್ಪಿನಂಗ ಕಾಣತೈತಿ.” ಅನುಮಾನವೇನೂ ಇರಲಿಲ್ಲ ಆಕೆಯ ದನಿಯಲ್ಲಿ. ನನ್ನ ಕಸುಬಿನ ಬಗ್ಗೆ ತನ್ನ ಕಸುಬಿನವಳು ಕೇಳುವ ಮಾತು ಅಷ್ಟೆ. ನನಗೆ ಆ ಶನಿವಾರದ ಎರಡು ಹನಿ ನೆನಪಾಯಿತು.

ಆಕೆ ಹೋದ ಮೇಲೆ ನಾನು ಎಪ್ಪತ್ತಮೂರರ ಒಂದು ಚಿಟಿಕೆಯನ್ನು ಗುರುತು ಪರೀಕ್ಷೆಗೆ ಕೊಟ್ಟೆ. ಅದು ಯಾರ ಕೋಶವೆಂದು ವಂಶವಾಹಿಯಿಂದ ತಿಳಿಯುವ ಪರೀಕ್ಷೆ. ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ತಟ್ಟೆಯ ತುಂಬ ಇದ್ದದ್ದು ನಲವತ್ತೊಂದು. ಕಸ್ತೂರಿಯದು ನೂರಕ್ಕೆ ಎರಡೂ ಉಳಿದಿರಲಿಲ್ಲ. ನನ್ನ ಎರಡು ಹನಿಯಲ್ಲಿ ನಾಲ್ಕಾರು ಕೋಶಗಳು ತೇಲಿ ಬಂದಿರಬೇಕು. ಕಳೆಯಂತೆ ಬೆಳೆಯುವ ಜಾತಿ, ಸೋತ ಮೊಳಕೆಯನ್ನು ತಿಂದುಹಾಕಿ ಅದರ ಹೆಸರಿನಲ್ಲಿ ಕೂತಿತ್ತು.

ಹೋಲಿಕೆಯ ತೂತು ನನಗೆ ಆಗ ಕಂಡಿತು. ಮೊಸರಿನಲ್ಲಿ ಹೆಪ್ಪು ಯಾರ ಮನೆಯದಾದರೂ ನಡೆಯುತ್ತದೆ, ಹಾಲು ನಿಮ್ಮದಾದರೆ ಮೊಸರು ನಿಮ್ಮದು. ನಮ್ಮಲ್ಲಿ ಹಾಲು ಯಾರದಾದರೂ ಆಗಲಿ, ಹೆಪ್ಪು ಯಾರದೋ ಮೊಳಕೆ ಅವರದೇ. ಹತ್ತೊಂಬತ್ತು ವರ್ಷ ಎಲ್ಲರಿಗೂ ತಲೆಕೆಳಗಾದದ್ದನ್ನು ಹೇಳಿ ಹೊಗಳಿಸಿಕೊಂಡಿದ್ದೆ.

ಡಾ. ಇನಾಮದಾರರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಅನಸೂಯಾಬಾಯಿ, ಇದು ಹೊರಗ ಹೋದ್ರ ಇಲ್ಲಿರೋ ಮುನ್ನೂರು ತಟ್ಟಿ ಮ್ಯಾಲೂ ಸಂಶಯ ಬರ್ತದ. ಒಂದೊಂದರ ಹಿಂದೂ ಒಬ್ಬ ಮನುಷ್ಯಾ ಇದ್ದಾನ.”

“ಹೌದ್ರಿ ಸರ್.”

“ಎರಡನೇ ಔಷಧ ಅಕಿಗೂ ಹತ್ತಬಹುದು. ಹತ್ತಂಗಿಲ್ಲ ಅಂತ ನಮಗೇನೂ ಗೊತ್ತಿಲ್ಲ.”

“ಹತ್ತತದ ಅಂತಲೂ ಗೊತ್ತಿಲ್ರಿ.”

ಒಪ್ಪಿಕೊಳ್ಳುತ್ತೇನೆ, ನನಗೂ ಆ ಆಸೆ ಬಂದಿತ್ತು. ಸುಮ್ಮನಿದ್ದರೆ ಸೋಮವಾರ ಎಲ್ಲರೂ ನಗುತ್ತಾರೆ. ಆ ತಾಯಿಯ ಕೈಮುಗಿದ ಚಿತ್ರ ಕಣ್ಣಮುಂದಿತ್ತು. ಹಾಗೇ ಇರಲಿ ಎಂದೂ ಅನ್ನಿಸಿತು, ಹಾಗಿರಬಾರದು ಎಂದೂ ಅನ್ನಿಸಿತು. ಆಮೇಲೆ ಡಾಕ್ಟರು ಫೋನ್ ಎತ್ತಿ ಮಂಡಳಿಗೆ ತಾವೇ ಹೇಳಿದರು. ನನ್ನ ಹೆಸರು ಹೇಳಲಿಲ್ಲ, ‘ನಮ್ಮ ತಪ್ಪು’ ಎಂದರು. ಮಂಡಳಿಯವರು ಜೂನ್ ಹದಿನೈದರವರೆಗೆ ಕಡತ ತೆರೆದಿಡುತ್ತೇವೆ, ಅದರೊಳಗೆ ಸರಿಯಾದ ವರದಿ ಬರದಿದ್ದರೆ ಇನ್ನು ಅಕ್ಟೋಬರ್ ಎಂದರು.

“ತಾಯಿಗೆ ನಾ ಹೇಳ್ತೇನಿ,” ಎಂದರು ಡಾಕ್ಟರು.

“ಬ್ಯಾಡ್ರಿ. ಹೆಪ್ಪು ನಾ ತಂದದ್ದು.”

ಅಂದು ರಾತ್ರಿ ಊಟಕ್ಕೆ ಮೌನೇಶ ಮೊಸರು ಕೇಳಿದ. ಬಟ್ಟಲು ಮುಂದಿಟ್ಟೆ. ನಾನು ಮಾತ್ರ ಹಾಕಿಕೊಳ್ಳಲಿಲ್ಲ. ಮರುದಿನಕ್ಕೆ ಹೆಪ್ಪು ತೆಗೆದಿಡಲೂ ಕೈ ಬರಲಿಲ್ಲ. ಹಾಗೆ ಆ ಹೆಪ್ಪು ನಮ್ಮ ಮನೆಯಲ್ಲಿ ಮುಗಿಯಿತು.

ಶನಿವಾರ ಬೆಳಿಗ್ಗೆ ಖಾನಾವಳಿಗೆ ಹೋದೆ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಫಕೀರವ್ವ ಹಿಟ್ಟು ನಾದುತ್ತಿದ್ದಳು, ಕಸ್ತೂರಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂಡ್ರಿ ಎಂದರು, ಕೂರಲಿಲ್ಲ. ನಿಂತೇ ಹೇಳಿದೆ. ಎರಡು ಹನಿ, ಜರಡಿ, ಬರೆಯದೇ ಬಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಸೋಮವಾರ ಗುಳಿಗೆ ಇಲ್ಲ ಎಂದೂ ಹೇಳಿದೆ.

ಫಕೀರವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಕೂಗಾಡಿದ್ದರೆ ಚೆನ್ನಾಗಿತ್ತು. “ನನ್ನ ಮಗಳ ಹೆಸರು ಬರದ ಬಟ್ಟಲದಾಗ ಯಾರ್ದೋ ಮಸರು ಹೆಪ್ಪಾತು,” ಎಂದಳು ಮೆಲ್ಲಗೆ. “ಅದನ್ನ ತೋರಿಸಿ ನೀವು ನನ್ನ ಕಡೆಯಿಂದ ಕೈ ಮುಗಿಸಿದ್ರಿ.”

“ಉಬ್ಬಿದ್ದು ಯಾರ್ದು ಆಂಟಿ?” ಕಸ್ತೂರಿ ಕೇಳಿದಳು.

“ಅದನ್ನ ಹೇಳಾಕ ಬರಂಗಿಲ್ಲವ್ವ.”

“ಅವ್ರಿಗೆ ಆರಾಮ ಆಗೇತೇನು?”

“ಆಗೇತಿ.”

“ಹಂಗಾರ ಅವ್ರರ ಉಬ್ಬಲಿ ಬಿಡ್ರಿ,” ಎಂದು ಶೇಂಗಾ ಸಿಪ್ಪೆ ಊದಿದಳು. ಊದಿದ್ದಕ್ಕೇ ಕೆಮ್ಮು ಹತ್ತಿತು. ಫಕೀರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಮಗಳ ಬೆನ್ನು ಹಿಡಿದಳು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದಳು.

“ಅಕಿದು ಹೆಪ್ಪು ಎಲ್ಲರ ಉಳದೈತೋ ಇಲ್ಲೋ? ಅಷ್ಟ ಹೇಳ್ರಿ.”

ಉಳಿದಿತ್ತು, ಒಂದೇ ಒಂದು. ಮಾರ್ಚ್‌ನಲ್ಲಿ ಚೂರು ಬಂದ ದಿನ ರಜಿಯಾ ಅದರಲ್ಲಿ ಅರ್ಧವನ್ನು ಒಂದು ಸೀಸೆಯಲ್ಲಿ ಹಾಕಿ ದ್ರವ ಸಾರಜನಕ ತುಂಬಿದ ಶೀತದ ಪೀಪಾಯಿಯಲ್ಲಿ ಇಳಿಬಿಟ್ಟಿದ್ದಳು. ಈಗ ಇನ್ನೊಂದು ಚೂರು ತೆಗೆಯೋಣವೆಂದರೆ ಹುಡುಗಿಗೆ ಅರಿವಳಿಕೆ ಕೊಡುವ ಸ್ಥಿತಿ ಇರಲಿಲ್ಲ. ಆ ಸೀಸೆ ಕೆಟ್ಟರೆ ಮುಗಿಯಿತು.

“ಮೊದಲನೇದು ಯಾಕ ಸಾಯಾಕ ಹತ್ತಿತ್ತು?” ಎಂದಳು ಫಕೀರವ್ವ. “ದಿನಕ್ಕ ಎಷ್ಟು ಸಲ ತಗದು ನೋಡತಿದ್ರಿ?”

“ಮೂರು... ನಾಕು ಸಲ.”

“ಹೆಪ್ಪು ಹಾಕಿದ ಬಟ್ಟಲಾ ನಾಕು ಸಲ ಅಲ್ಲಾಡಿಸಿ ನೋಡಿದ್ರ ಮಸರು ಆದೀತೇನ್ರಿ? ನಿಮಗ ಜೀವ ತಡಿಲಿಲ್ಲ. ಅದು ಸಾಯಾಕ ಹತ್ತಿರಲಿಲ್ಲ, ಸಾವಕಾಶ ಇತ್ತು, ಅಷ್ಟ. ನೀವು ಬಾಳ ಮುಟ್ಟೀರಿ ಅದನ್ನ.”

ವಿಚಾರಣೆ ಮುಗಿಯುವವರೆಗೆ ನಾನು ತಟ್ಟೆಗಳನ್ನು ಮುಟ್ಟುವಂತಿರಲಿಲ್ಲ. ರಜಿಯಾ ಸೀಸೆಯಲ್ಲಿದ್ದದ್ದನ್ನು ಕರಗಿಸಿ, ಕೋಶಗಳನ್ನು ಹನಿಯಲ್ಲಿ ಕೂರಿಸಿ, ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿಟ್ಟಳು. ಫಕೀರವ್ವನ ಮಾತನ್ನು ನಾನು ಅವಳಿಗೆ ಹೇಳಿದ್ದೆ. ಮೂರು ದಿನಕ್ಕೊಮ್ಮೆ ಸಾರು ಬದಲಿಸಲು ಬಿಟ್ಟರೆ ಆ ಪೆಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಸೂಕ್ಷ್ಮದರ್ಶಕಕ್ಕೆ ಹಿಡಿಯಲೂ ಇಲ್ಲ. ನಾನು ಗಾಜಿನ ಹೊರಗಿನ ಬೆಂಚಿನ ಮೇಲೆ ಕೈಕಟ್ಟಿ ಕೂರುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಗಳು ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಮೂರನೆಯ ವಾರದಿಂದ ಫಕೀರವ್ವ ಖಾನಾವಳಿಯನ್ನು ತಂಗಿಗೆ ಬಿಟ್ಟು ಮಧ್ಯಾಹ್ನದ ಹೊತ್ತು ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ ಕೂರತೊಡಗಿದಳು. ನಮ್ಮ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಮಾತಿರಲಿಲ್ಲ.

ಇಪ್ಪತ್ತೆರಡನೆಯ ದಿನ ರಜಿಯಾ ತಟ್ಟೆ ಹೊರತೆಗೆದು ನೋಡಿ, ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದಳು. ಸರಿಯಾಗಿ ಎರಡು ಸಲ ಇಮ್ಮಡಿಯಾಗಿತ್ತು. ಅವೇ ಚಪ್ಪಟೆ ದಿಂಬುಗಳು, ಆದರೆ ಒಂದೂ ಕಪ್ಪಾಗಿರಲಿಲ್ಲ. ಗುರುತು ಪರೀಕ್ಷೆ ಕಸ್ತೂರಿಯೆಂದೇ ಹೇಳಿತು.

ಜೂನ್ ಹನ್ನೆರಡು, ಬೆಳಿಗ್ಗೆ ಹತ್ತು. ಮೂರು ಔಷಧಗಳು ಮೂರು ಕುಳಿಗೆ ಬಿದ್ದವು. ನಾಲ್ಕನೆಯದಕ್ಕೆ ಬರೀ ಸಾರು, ಹೋಲಿಸಿ ನೋಡಲು. ಹನ್ನೊಂದಕ್ಕೆ ಯಂತ್ರ ಅಳತೆ ತೆಗೆದು ನಾಲ್ಕರ ಮುಂದೆಯೂ ಒಂದೇ ಮಾತು ಬರೆಯಿತು, ‘ಇಲ್ಲ’. ಎರಡನೇ ಔಷಧದ ಮುಂದೆಯೂ ಇಲ್ಲ. ಅಂದರೆ ಮೇ ತಿಂಗಳಲ್ಲಿ ಬಾಯಿಮುಚ್ಚಿ ಕೂತಿದ್ದರೆ ಆ ಹುಡುಗಿಗೆ ಒಂದು ವರ್ಷ ನಾವು ನಂಜನ್ನು ಉಣಿಸುತ್ತಿದ್ದೆವು. ಡಾ. ಇನಾಮದಾರ ಹೊರಗೆ ಬಂದು ಬೆಂಚಿನ ಮುಂದೆ ನಿಂತರು. ಇಲ್ಲವೆಂದು ತಲೆಯಲ್ಲಾಡಿಸಿದರು.

ಫಕೀರವ್ವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮೂರು ವಾರಗಳ ಮೇಲೆ ಮೊದಲ ಮಾತು. “ಎಷ್ಟೊತ್ತು ಕಾಯ್ದ್ರು?”

“ಒಂದು ತಾಸು.”

“ಯಾರಿಗೆ ಒಂದು ತಾಸು?”

“ಎಲ್ಲಾರಿಗೂ. ನೇಮ ಹಂಗೈತಿ.”

“ನನ್ನ ಮಗಳು ಹದಿನೆಂಟು ತಿಂಗಳಿಗೆ ನಡದಾಳ, ಮೂರು ವರ್ಷಕ್ಕ ಮಾತಾಡ್ಯಾಳ. ಎಲ್ಲಾದ್ರಾಗೂ ಸಾವಕಾಶ. ನಿಮ್ಮ ಹನ್ನೊಂದು ದಿನದ ಮೊಳಕಿ ಒಂದು ತಾಸಿನಾಗ ಉಬ್ಬತೈತೇನ್ರಿ?”

ನಾನು ಎದ್ದು ಗಾಜನ್ನು ಬಡಿದೆ. ರಜಿಯಾ ತಟ್ಟೆಯನ್ನು ಎತ್ತಲು ಕೈ ಚಾಚಿದ್ದಳು. “ತಗೀಬ್ಯಾಡವ್ವ! ಬಿಡದನ್ನ, ಹಂಗ ಬಿಡು!” ನನ್ನ ಕೂಗು ಕಾರಿಡಾರಿನ ಆ ತುದಿಗೂ ಕೇಳಿಸಿತಂತೆ. ಡಾಕ್ಟರು ನನ್ನನ್ನು ನೋಡಿದರು, ಫಕೀರವ್ವನನ್ನು ನೋಡಿದರು, ಗಡಿಯಾರ ನೋಡಿದರು. “ಕ್ಯಾಮೆರಾ ಬಂದ್ ಮಾಡಬ್ಯಾಡ. ಸಂಜಿತನಕ ಬಿಡು,” ಎಂದರು.

ಹನ್ನೆರಡಕ್ಕೂ ಏನಿಲ್ಲ, ಒಂದಕ್ಕೂ ಏನಿಲ್ಲ. ಎರಡಕ್ಕೆ ಫಕೀರವ್ವ ಚೀಲದಿಂದ ರೊಟ್ಟಿ ಬುತ್ತಿ ತೆಗೆದಳು. ಅರ್ಧ ಮುರಿದು, ನಮ್ಮಿಬ್ಬರ ನಡುವಿನ ಖಾಲಿ ಜಾಗದಲ್ಲಿ ಇಟ್ಟಳು. ತೆಗೆದುಕೊಂಡು ತಿಂದೆ. ಮೂರೂವರೆಗೆ ಮೂರನೆಯ ಕುಳಿಯ ಒಂದು ದಿಂಬು ತುಸು ಎದ್ದಂತೆ ಕಂಡಿತು. ನನ್ನ ಕಣ್ಣೇ ಮೋಸ ಮಾಡುತ್ತಿದೆ ಅಂದುಕೊಂಡೆ. ನಾಲ್ಕಕ್ಕೆ ಇನ್ನೊಂದು. ಐದರ ಹೊತ್ತಿಗೆ ಆ ಕುಳಿಯಲ್ಲಿ ಅರ್ಧಕ್ಕರ್ಧ ದುಂಡಗಾಗಿದ್ದವು. ಪೂರಿಯಂತೇನೂ ಅಲ್ಲ, ಬಡವರ ಮನೆಯ ದಿಂಬಿಗೆ ಹೊಸ ಹತ್ತಿ ತುಂಬಿದಷ್ಟು. ಬರೀ ಸಾರಿನ ಕುಳಿ ಮಾತ್ರ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ರಜಿಯಾ ಒಳಗೆ ಕೂತು ಅಳುತ್ತಿದ್ದಳು, ಕೈಗವಸು ಹಾಕಿಕೊಂಡಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ.

ಮರುದಿನ ಮತ್ತೆ ಮಾಡಿದರು, ಅದರ ಮರುದಿನವೂ. ಮೂರು ಸಲವೂ ಮೂರನೆಯದೇ. ಹದಿನೈದರಂದು ಡಾ. ಇನಾಮದಾರ ಮೊದಲ ತಪ್ಪಿನ ವರದಿಯನ್ನೂ ಎರಡನೆಯ ವರದಿಯನ್ನೂ ಒಟ್ಟಿಗೆ ಕಳಿಸಿದರು. ಒಂದು ತಾಸಿನ ನೇಮವನ್ನು ಕೇಂದ್ರ ಆರು ತಾಸಿಗೆ ಬದಲಿಸಿತು. ಹಳೆಯ ‘ಇಲ್ಲ’ಗಳನ್ನೆಲ್ಲ ಮತ್ತೆ ತೆಗೆದು ನೋಡುತ್ತಿದ್ದಾರೆ, ಹದಿನಾರು ಜನರ ಪೈಕಿ ಇಬ್ಬರದು ‘ಹೌದು’ ಆಗಿದೆ. ಇಷ್ಟು ವರ್ಷ ಅವರಿಗೆ ಔಷಧವಿಲ್ಲ ಎಂದು ಕಳಿಸಿದ್ದೆವು. ಅದರಲ್ಲೂ ನನ್ನ ಕೈಯಿದೆ. ನನ್ನ ವಿಚಾರಣೆ ಮುಗಿದು, ತಟ್ಟೆಗಳ ಕೋಣೆಯಿಂದ ನನ್ನನ್ನು ಹೊರಗಿಟ್ಟು ಬಂದವರಿಗೆ ವಿವರಿಸುವ ಮೇಜಿಗೆ ಹಾಕಿದರು. ನ್ಯಾಯವೇ. ಹೆಪ್ಪಿನ ಮಾತನ್ನು ಈಗಲೂ ಹೇಳುತ್ತೇನೆ, ತೂತನ್ನೂ ಸೇರಿಸಿ.

ಶ್ರಾವಣದ ಒಂದು ಸಂಜೆ ಖಾನಾವಳಿಗೆ ಹೋದೆ. ಕಸ್ತೂರಿ ಔಷಧ ಶುರುಮಾಡಿ ಏಳು ವಾರವಾಗಿತ್ತು. ಫೋನ್ ಮಾಡಿ ಕೇಳುವ ಧೈರ್ಯ ಆಗಿರಲಿಲ್ಲ. ಹೋಗುವ ಹೊತ್ತಿಗೆ ಫಕೀರವ್ವ ದೇವರ ಗೂಡಿನಲ್ಲಿ ದೀಪ ಹಚ್ಚಿ ತಿರುಗುತ್ತಿದ್ದಳು.

“ನಾ ಕೊಟ್ಟ ಹೆಪ್ಪು ಐತೇನು ಮನ್ಯಾಗ?” ಎಂದು ಕೇಳಿದಳು, ಬಾ ಎನ್ನುವ ಬದಲು.

“ಇಲ್ಲ. ಕೆಡಿಸಿದೆ.”

“ನಾಳೆ ಮುಂಜಾನೆ ಬಟ್ಟಲಾ ತಗೊಂಡು ಬರ್ರಿ. ದೀಪ ಹಚ್ಚಿದ ಮ್ಯಾಲೆ ನಾ ಯಾರಿಗೂ ಕೊಡಂಗಿಲ್ಲ.”

ನನಗೆ ಅಳು ಬಂತು. ತಡೆದುಕೊಂಡು, “ಹುಡುಗಿ ಹೆಂಗದಾಳ?” ಎಂದೆ.

ಫಕೀರವ್ವ ಮುಖ ಕೆಳಗೆ ಹಾಕಿದಳು. “ಏನ್ ಹೇಳ್ಲಿ ಬಾಯಾರ, ಸಪ್ಪಗಾಗ್ಯಾಳ.”

ಸಪ್ಪಗಾಗಿದ್ದಾಳೆಂದರೆ ಮಂಕಾಗಿದ್ದಾಳೆ, ಔಷಧ ಮೈಗೆ ಒಗ್ಗಿಲ್ಲ, ಯಕೃತ್ತು, ಎದೆ, ಏನೇನೋ ಒಂದೇ ಸಲ ತಲೆಗೆ ಬಂದವು. ಅಷ್ಟರಲ್ಲಿ ಒಳಗಿನಿಂದ ಕಸ್ತೂರಿ ಓಡಿ ಬಂದಳು. ಓಡಿ ಬಂದಳು! ಕೆಮ್ಮಲಿಲ್ಲ. ಫಕೀರವ್ವ ತಲೆ ಎತ್ತಿದಾಗ ಅವಳ ಮುಖದ ತುಂಬ ನಗೆ. ಅಡಿಗೆಯವಳು ಅಡಿಗೆಯ ಮಾತನ್ನೇ ಆಡಿದ್ದಳು.

“ದಿನಾ ಮುಂಜಾನೆ ರುಚಿ ನೋಡ್ತೇನ್ರಿ. ದಿನಾ ಚೂರು ಚೂರು ಸಪ್ಪಗ. ನಿಮ್ಮ ಯಂತ್ರಾ ಏನರ ಹೇಳಲಿ, ನೀವ ನೋಡ್ರಿ.” ಮಗಳ ತಲೆ ಹಿಡಿದು ನನ್ನ ಮುಂದೆ ಬಗ್ಗಿಸಿದಳು.

ಹತ್ತೊಂಬತ್ತು ವರ್ಷ ಕೈಗವಸಿಲ್ಲದೆ ಏನನ್ನೂ ಮುಟ್ಟದವಳು ನಾನು. ಆ ಬೆವರಿದ ಹಣೆಗೆ ತುಟಿ ಹಚ್ಚಿದೆ. ಉಪ್ಪಿತ್ತು, ನಿಮ್ಮ ನನ್ನ ಹಣೆಗೆ ಇರುವಷ್ಟು.